ಕಸಾ ಬ್ಯಾರೆ ಬ್ಯಾರೆ ಮಾಡಿ ಕೊಟ್ರೂ ಮುಂದ ಎಲ್ಲಾ ಒಂದ ಆಗ್ತೈತಿ, ಮತ್ತ ಮಾಡೋದರ ಯಾಕ?

ಕೊಥ್ರೂಡ್_ವೈನಿ:
ಪುಣೆದಾಗ ಇರೋರು ಸ್ವಲ್ಪ ಹೇಳ್ರಿ. ವಿಜಾಪುರದಿಂದ ಬಂದು ಎರಡು ವರ್ಷ ಆತು, ಮನ್ಯಾಗ ಎರಡು ಡಬ್ಬಿ ಇಟ್ಟೀನಿ, ಹಸಿ ಕಸಕ್ಕ ಓಲಾ ಕಚರಾ, ಒಣ ಕಸಕ್ಕ ಸುಕಾ ಕಚರಾ ಅಂತಾರಲ್ಲ ಇಲ್ಲಿ ಹಂಗ, ಹಾಲಿನ ಪಾಕೀಟು ತೊಳದು ಬಟ್ಟಿ ಜೋಡಿ ಹಗ್ಗದ ಮ್ಯಾಲ ಒಣಹಾಕ್ತೀನಿ, ನಮ್ಮ ಅತ್ತಿ ನೋಡಿ ನಗ್ತಾರ. ನಿನ್ನೆ ಬಾಲ್ಕನ್ಯಾಗ ನಿಂತು ನೋಡಿದ್ರ ಸೊಸೈಟಿ ಕಸಾ ಒಯ್ಯೋ ಹುಡುಗ ಎರಡೂ ಬಕೀಟು ಒಂದ ಡ್ರಮ್ಮಿಗೆ ಸುರದಾ. ಹೊಟ್ಟಿ ಉರೀತು.

ಹಳೇ_ಪುಣೇಕರ್:
ಸಿಟ್ಟು ಬರೋದ ಬರೋಬ್ಬರಿ ಐತ್ರಿ, ಆದ್ರ ಹುಡುಗನ ಬಿಟ್ಟು ಸೆಕ್ರೆಟರೀನ್ನ ಹಿಡೀರಿ, ಗುತ್ತಿಗಿ ಕೊಟ್ಟೋರು ಅವರು. ನಮ್ಮ ಕಡೆ ಕಸಾ ಒಯ್ಯಾಕ ಬರೋ ಮಾವಶಿ ‘ಸ್ವಚ್’ದಾಕಿ. ಅದು ಕಸಾ ಆರಿಸೋ ಮಂದೀದ ಸಹಕಾರಿ ಸಂಘ, 1993ರಾಗ ಸುರು ಆದ ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್ ಅನ್ನೋ ಯೂನಿಯನ್ನಿನ ಮಂದಿ ಕಟ್ಟಿದ್ದು. ತಿಂಗಳಾ ನಾವು ಕೊಡೋ ರೊಕ್ಕಾ ಒಂದು, ಒಣ ಕಸಾ ಭಂಗಾರದವಂಗ ಮಾರಿದ್ದು ಒಂದು, ಇಷ್ಟ ಆಕೀ ಗಳಿಕಿ (ಭಂಗಾರ ಅಂದ್ರ ಇಲ್ಲಿ ಗುಜರಿ, ನಮ್ಮ ಬಂಗಾರ ಅಲ್ಲ!). ಒಮ್ಮೆ ಗೇಟಿನ ಹತ್ರ ಚೀಲಾ ಸುರಿವಿ ಕುಂತಿದ್ಲು, ನೀರಿನ ಬಾಟ್ಲಿ ಈ ಕಡೆ, ಹಾಲಿನ ಪಾಕೀಟು ಆ ಕಡೆ, ಚಿಪ್ಸಿನ ಪಾಕೀಟು ಬಂತಂದ್ರ ನೋಡದನ ಹಿಂದ ಒಗೀತಿದ್ಲು. ಒಳಗ ಬೆಳ್ಳಿಗತೆ ಹೊಳೀತೈತಲ್ಲ, ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಪದರ ಹಚ್ಚಿರ್ತಾರ, ಬಿಡಿಸಾಕ ಬರೂದಿಲ್ಲ, ಭಂಗಾರದಂವ ಮೂಸೂದಿಲ್ಲ. ಸಾರು ಹತ್ತಿದ ಪಾಕೀಟೂ ಅಷ್ಟ. ಡೈಪರ್ ಪ್ಯಾಡ್ ಇದ್ರ ಪೇಪರಿನ್ಯಾಗ ಸುತ್ತಿ ಕೆಂಪು ಚುಕ್ಕಿ ಇಡ್ರಿ, ಬರಿಗೈಲೆ ಆರಸ್ತಾರ ಪಾಪ.

ಮಾಟುಂಗಾ_ಮಾಣಿ:
ನಮ್ದು ಮುಂಬೈಯಲ್ಲಿ ಸಣ್ಣ ಹೋಟ್ಲು ಮಾರಾಯ್ರೆ. 2018ರ ಜೂನಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಬಂದ್ ಆಗಿ, ಮೊದಲ ಸಲ ಸಿಕ್ಕಿಬಿದ್ರೆ 5,000 ರೂಪಾಯಿ ದಂಡ ಅಂದಾಗ ಗಿರಾಕಿಗಳು ಸಾಂಬಾರಿಗೆ ಸ್ಟೀಲ್ ಡಬ್ಬಿ ಹಿಡ್ಕೊಂಡೇ ಬರ್ತಿದ್ರು. ಎಷ್ಟು ದಿನ? ಈಗ ಪುನಃ ‘ಥೈಲಿ ಮೇ ದೇ ದೋ ಅಣ್ಣಾ’, ಪ್ಲಾಸ್ಟಿಕ್ ಚೀಲದಲ್ಲೇ ಕೊಡಿ ಅಂತ. ಇಲ್ಲ ಅಂದ್ರೆ ಪಕ್ಕದ ಹೋಟ್ಲಿಗೆ ಹೋಗ್ತಾರೆ, ವ್ಯಾಪಾರ ನಂದೇ ಹೋಗುದು. 2005ರ ಜುಲೈ 26ರ ನೆರೆ ಆದ್ಮೇಲೆ ಗಟಾರಕ್ಕೆ ಸಿಕ್ಕಿದ ಥೈಲಿಗಳ ಬಗ್ಗೆ ಊರೆಲ್ಲ ಮಾತಾಡಿತ್ತು, ಅದೂ ಮರ್ತೇ ಹೋಯ್ತು. ವೈನಿಯವರ ಹಗ್ಗದ ಪಾಕೀಟು ಎಷ್ಟೋ ವಾಸಿ.

ಕೊಥ್ರೂಡ್_ವೈನಿ:
ಸೆಕ್ರೆಟರಿಗೆ ಹೇಳಿದೆ, ಮೀಟಿಂಗಿನ್ಯಾಗ ನೋಡೋಣು ಅಂದ್ರು, ಅಂದ್ರ ಆದಂಗ ಐತಿ 😄 ಗೇಟಿಗೆ ನಾನ ನಿಂತು ಸುಕಾ ಚೀಲಾ ಬ್ಯಾರೆ ಕೈಗೆ ಕೊಡ್ತೀನಿ. ಹಾಲಿನ ಪಾಕೀಟಿನ ತುದಿ ಪೂರಾ ಕತ್ತರಿಸಬಾರದಂತ, ಖರೆ ಏನ್ರಿ?

ಹಳೇ_ಪುಣೇಕರ್:
ಖರೇರಿ. ಆ ಉಗರಿನಷ್ಟ ತುಂಡು ಯಾರೂ ಆರಿಸೂದಿಲ್ಲ, ಸೀದಾ ಮೋರಿಗೆ. ಅರ್ಧಾ ಸೀಳ್ರಿ, ತುದಿ ಅಲ್ಲೇ ಜೋತಾಡ್ಲಿ.