ಹಳೇ ಪಿಕಪ್, ಘಾಟಿಲಿ ಹೀಟ್ ಆಗತ್ತೆ, ಹೊಗೆ ಬೇರೆ. ಎಂಜಿನ್ ಬಿಚ್ಚಿಸ್ಬೇಕಾ ಮಾರ್ಬೇಕಾ?

ಹೊಸನಗರ ತೋಟ:
ಎಲ್ರಿಗೂ ನಮಸ್ಕಾರ. ನನ್ ಹತ್ರ 2011 ಮಾಡೆಲ್ ಡೀಸೆಲ್ ಪಿಕಪ್ ಇದೆ, 2.5 ಲೀಟರ್ ಟರ್ಬೋ ಎಂಜಿನ್ನು, ಸೆಕೆಂಡ್ ಹ್ಯಾಂಡಲ್ಲಿ ಕರಾವಳಿ ಕಡೆಯಿಂದ ತಂದಿದ್ದು. ಕಂಪನಿ ಹೆಸ್ರು ಬೇಡ, ಈ ವಯಸ್ಸಿಗೆ ಎಲ್ಲಾ ಗಾಡಿನೂ ಹಿಂಗೇ ಅಂತಾರೆ. ಅಡಿಕೆ, ಬಾಳೆಕಾಯಿ, ಗೊಬ್ಬರ ಹೊಡಿತೀನಿ, ಹುಲಿಕಲ್ ಘಾಟಿ ಇಳ್ದು ಕುಂದಾಪ್ರಕ್ಕೂ ಹೋಗ್ತಾ ಇರ್ತೀನಿ. ಈಗ ಘಾಟಿ ಹತ್ತೋವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗತ್ತೆ, ಲೋಡ್ ಇದ್ರೆ ಕಪ್ಪು ಹೊಗೆ, ಬೆಳಿಗ್ಗೆ ಸೆಲ್ಫ್ ಹೊಡ್ದು ಹೊಡ್ದು ಸ್ಟಾರ್ಟ್ ಆಗ್ಬೇಕು ಆಗ ಬಿಳಿ ಹೊಗೆ. ಮುಂದಿನ ಎಡಗಡೆ ಟೈರು ಒಳಗಡೆ ಮಾತ್ರ ಸವೀತಿದೆ. ಇಳಿಜಾರಲ್ಲಿ ಬ್ರೇಕ್ ಪೆಡಲ್ ಒಂದೊಂದ್ಸಲ ಕಲ್ಲಿನಂಗೆ ಗಟ್ಟಿ ಆಗತ್ತೆ. ಗ್ಯಾರೇಜಲ್ಲಿ ಕೇಳಿದ್ರೆ ಎಂಜಿನ್ ಇಳಿಸ್ಬೇಕು ಬೋರ್ ಕೆಲ್ಸ (ಸವೆದ ಸಿಲಿಂಡರ್ ಕೊರೆದು ಸರಿ ಮಾಡೋದು) ಮಾಡ್ಬೇಕು ಅಂತಿದಾರೆ, ದುಡ್ಡು ಜಾಸ್ತಿನೇ ಆಗತ್ತೆ. ಮಾಡಿಸ್ಲಾ ಅಥ್ವಾ ಬಂದಷ್ಟಕ್ಕೆ ಕೊಟ್ಬಿಡ್ಲಾ?

ಶಿವಮೊಗ್ಗ ಡೀಸೆಲ್:
ಎಂಜಿನ್ ಬಿಚ್ಚೋದಕ್ಕೆ ಮುಂಚೆ ಒಂದೆರಡು ವಿಷ್ಯ ನೀವೇ ನೋಡ್ಬಹುದು ಸರ್, ದುಡ್ಡು ಖರ್ಚಿಲ್ಲ. ಗಾಡಿ ಬಿಸಿ ಆದ್ಮೇಲೆ ಐಡ್ಲಿಂಗಲ್ಲಿ ಬಿಟ್ಟು ಆಯಿಲ್ ಹಾಕೋ ಮುಚ್ಚಳ ತೆಗ್ದು ಉಲ್ಟಾ ಮಾಡಿ ಆ ತೂತಿನ ಮೇಲೆ ಸುಮ್ನೆ ಇಡಿ. ಸ್ವಲ್ಪ ಅಲ್ಲಾಡಿದ್ರೆ ಪರ್ವಾಗಿಲ್ಲ, ಎಗರಿ ಬೀಳ್ತಿದೆ ಭುಸುಭುಸು ಹೊಗೆ ಬರ್ತಿದೆ ಅಂದ್ರೆ ಪಿಸ್ಟನ್ ರಿಂಗ್ ಹೋಗಿದೆ, ಆಗ ಬೋರ್ ಕೆಲ್ಸದ ಮಾತು. ನೀಲಿ ಹೊಗೆ ಅಂತ ನೀವು ಎಲ್ಲೂ ಹೇಳಿಲ್ಲ, ಆಯಿಲ್ ಕಮ್ಮಿ ಆಗತ್ತೆ ಅಂತನೂ ಹೇಳಿಲ್ಲ, ಅದಕ್ಕೇ ನಂಗೆ ಬೋರ್ ಮೇಲೆ ಡೌಟು ಕಮ್ಮಿ.

ಕಪ್ಪು ಹೊಗೆ ಅಂದ್ರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗ್ತಿಲ್ಲ ಅಂತ. ಟಾಟಾ ಏಸ್‌ನ ಹಳೇ 702 ಸಿಸಿ ಎರಡು ಸಿಲಿಂಡರ್ ಎಂಜಿನ್ನಲ್ಲಿ ಟರ್ಬೋನೇ ಇರ್ಲಿಲ್ಲ, ಅಂಥದ್ರಲ್ಲಿ ಏರ್ ಫಿಲ್ಟರ್ ನೋಡಿ ಸೀದಾ ನಾಜಲ್‌ಗೆ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಭಾಗ) ಹೋಗ್ಬಹುದು. ನಿಮ್ದು ಟರ್ಬೋ, ಹಾಗಾಗಿ ಟರ್ಬೋದಿಂದ ಇಂಟರ್‌ಕೂಲರ್‌ಗೆ (ಟರ್ಬೋ ಗಾಳಿ ತಣ್ಣಗೆ ಮಾಡೋದು) ಹೋಗೋ ರಬ್ಬರ್ ಹೋಸ್ ಮೊದ್ಲು ನೋಡಿ. ಕೆಳಗಡೆ ಭಾಗದಲ್ಲಿ ಕ್ಲಾಂಪ್ ಹತ್ರ ಸೀಳಿರತ್ತೆ, ಮೇಲಿಂದ ನೋಡಿದ್ರೆ ಕಾಣೋದೇ ಇಲ್ಲ. ಸೋಪ್ ನೀರು ಹಾಕಿ ಒಬ್ರು ರೇಸ್ ಕೊಟ್ರೆ ಗುಳ್ಳೆ ಬರತ್ತೆ. ಅದೆಲ್ಲ ಸರಿ ಇದ್ರೆ ಆಮೇಲೆ ನಾಜಲ್ ಟೆಸ್ಟ್ ಮಾಡ್ಸಿ.

ಬೆಳಿಗ್ಗೆ ಸ್ಟಾರ್ಟಿಂಗಿಗೆ: ರಾತ್ರಿ ನಿಂತ ಗಾಡಿಗೆ ಬೆಳಿಗ್ಗೆ ಡೀಸೆಲ್ ಫಿಲ್ಟರ್ ಹತ್ರ ಇರೋ ಕೈ ಪಂಪ್ ಗಟ್ಟಿ ಆಗೋ ತನಕ ಒತ್ತಿ ಸೆಲ್ಫ್ ಹೊಡೀರಿ. ತಕ್ಷಣ ಸ್ಟಾರ್ಟ್ ಆದ್ರೆ ಲೈನಲ್ಲಿ ಗಾಳಿ ಎಳೀತಿದೆ, ವಾಷರ್ರೋ ಪೈಪೋ ಅಷ್ಟೇ. ಆಗ್ಲಿಲ್ಲ ಅಂದ್ರೆ ಹೀಟರ್ ಪ್ಲಗ್ ಚೆಕ್ ಮಾಡ್ಸಿ, ಮಲೆನಾಡು ಚಳಿಗೆ ಅದು ಬೇಕೇ ಬೇಕು. ಬ್ಯಾಟ್ರಿಯಿಂದ ಚಾಸಿಗೆ ಬರೋ ಅರ್ಥ್ ವೈರ್ ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ಹಾಕಿ, ಸೆಲ್ಫ್ ನಿಧಾನ ತಿರುಗೋಕೆ ಎಷ್ಟೋ ಸಲ ಅದೇ ಕಾರಣ.

ಹೀಟಿಂಗ್‌ಗೆ ರೇಡಿಯೇಟರ್ ಹೊರಗಡೆ ಮಣ್ಣು ಕಟ್ಟಿದ್ಯಾ ನೋಡಿ, ಫ್ಯಾನ್ ಬೆಲ್ಟ್ ನೋಡಿ. ಯಾರೋ ಥರ್ಮೋಸ್ಟ್ಯಾಟ್ ಕಿತ್ ಬಿಸಾಕಿ ಅಂದ್ರೆ ಕಿತ್ ಬಿಸಾಕ್ಬೇಡಿ, ಕೆಟ್ಟಿದ್ರೆ ಹೊಸದು ಹಾಕ್ಸಿ, ಇಲ್ದಿದ್ರೆ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಜಾಸ್ತಿ ಕುಡಿಯತ್ತೆ. ಕೂಲೆಂಟ್ ಕಮ್ಮಿ ಆಗ್ತಾ ಇದ್ದು, ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗ್ದು ಸ್ಟಾರ್ಟ್ ಮಾಡಿದ್ರೆ ಗುಳ್ಳೆ ನಿಲ್ಲದೇ ಬರ್ತಿದ್ರೆ ಮಾತ್ರ ಹೆಡ್ ಗ್ಯಾಸ್ಕೆಟ್. ಬಿಸಿ ಇದ್ದಾಗ ಆ ಮುಚ್ಚಳ ಮುಟ್ಬೇಡಿ ಮಾತ್ರ.

ಗಂಗೊಳ್ಳಿ ಲೋಡ್:
ಮೇಲಿನವ್ರು ಹೇಳಿದ್ದೆಲ್ಲ ಸರಿ, ಆದ್ರೆ ನಂಗೆ ಹೆದ್ರಿಕೆ ಆದದ್ದು ಬೇರೆ ಮಾತಿಗೆ. ಗಾಡಿ ಕರಾವಳಿಯಿಂದ ತಂದದ್ದು ಅಂದ್ರಲ್ಲ ಮಾರಾಯ್ರೆ, ಮೀನು ಹೊಡ್ದ ಗಾಡಿಯಾ ಅಂತ ವಿಚಾರ್ಸಿ. ಎಂಜಿನ್ ಯಾವ ಊರಲ್ಲಾದ್ರೂ ರಿಪೇರಿ ಮಾಡ್ಬಹುದು, ಚಾಸಿ ಹೋದ್ರೆ ಗಾಡಿಯೇ ಹೋಯ್ತು. ಮೀನಿನ ಬಾಕ್ಸಿಂದ ಐಸ್ ನೀರು ಉಪ್ಪು ಸಮೇತ ಬಾಡಿ ಸಂದಿಲಿ ಇಳ್ದು ಚಾಸಿ ಮೇಲೆ ಕೂರ್ತದೆ. ಬಾಡಿಗೂ ಚಾಸಿಗೂ ಮಧ್ಯ ಮರದ ಪಟ್ಟಿಯೋ ರಬ್ಬರೋ ಇರ್ತದಲ್ಲ, ಅದ್ರ ಅಡಿಗೇ ತುಕ್ಕು ಶುರು, ಹೊರಗಿಂದ ಕಪ್ಪು ಪೇಂಟ್ ಹೊಳೀತಾ ಇರ್ತದೆ.

ಒಂದು ಚಿಕ್ಕ ಸುತ್ತಿಗೆ ತಕಂಡು ಗಾಡಿ ಅಡಿಗೆ ಹೋಗಿ ಕಾಣಿ. ಹಿಂದಿನ ಪ್ಲೇಟು (ಲೀಫ್ ಸ್ಪ್ರಿಂಗ್) ಮುಂದ್ಗಡೆ ಚಾಸಿಗೆ ಸೇರೋ ಬ್ರ್ಯಾಕೆಟ್ ಹತ್ರ ಒಂದೊಂದೇ ಗೇಣು ಬಿಟ್ಟು ತಟ್ತಾ ಬನ್ನಿ. ಒಳ್ಳೆ ಕಬ್ಬಿಣ ಟಣ್ ಅಂತದೆ, ತುಕ್ಕು ತಿಂದ ಜಾಗ ದಬ್ ಅಂತದೆ, ಪದರ ಪದರ ಉದುರ್ತದೆ. ರಿವಿಟ್ ತೂತಿಂದ ಕೂದಲೆಳೆಯಷ್ಟು ಗೆರೆ ಹೊರಟಿದ್ರೆ ಅದು ಬಿರುಕು. ಹಾಗೇ ಚಾಸಿ ಉದ್ದಕ್ಕೂ ಹಿಂದಿನ ಚಕ್ರಕ್ಕೆ ಹೋಗೋ ಬ್ರೇಕ್ ಪೈಪ್ ಇದ್ಯಲ್ಲ, ಅದ್ನ ಹಿಡ್ದಿರೋ ಕ್ಲಿಪ್ಪಿನ ಅಡಿಗೆ ಕಡ್ಡಾಯ ನೋಡಿ, ಬೇರೆಲ್ಲ ಚಂದ ಇದ್ದು ಅಲ್ಲೇ ತೂತಾಗೋದು. ಲೋಡ್ ಹಾಕ್ಕಂಡು ಘಾಟಿ ಇಳೀವಾಗ ಪೈಪ್ ಒಡ್ದ್ರೆ ಏನು ಗತಿ ಹೇಳಿ.

ಹೊಸನಗರ ತೋಟ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಇವತ್ತು ಅಡಿಗೆ ಮಲಗಿ ನೋಡ್ದೆ. ಎಡಗಡೆ ಬ್ರ್ಯಾಕೆಟ್ ಹಿಂದೆ ಒಂದು ಅಂಗೈಯಷ್ಟು ಜಾಗ ದಬ್ ಅಂತಿದೆ, ಬಿರುಕು ಕಾಣ್ಲಿಲ್ಲ. ಆಯಿಲ್ ಮುಚ್ಚಳ ಎಗರ್ಲಿಲ್ಲ, ಸುಮ್ನೆ ಕೂತಿತ್ತು. ಟರ್ಬೋ ಹೋಸ್ ಕೆಳಗೆ ಸೀಳಿದೆ, ಸೋಪ್ ನೀರಲ್ಲಿ ಚೆನ್ನಾಗಿ ಗೊತ್ತಾಯ್ತು! ಕೈ ಪಂಪ್ ನಾಳೆ ಬೆಳಿಗ್ಗೆ ನೋಡ್ತೀನಿ. ಹಿಂದಿನ ಓನರ್ ಎಕ್ಸ್‌ಟ್ರಾ ಪ್ಲೇಟ್ ಬೇರೆ ಹಾಕ್ಸಿದಾರೆ. ಬ್ರೇಕ್ ಪೆಡಲ್ ಬಗ್ಗೆ ಯಾರಾದ್ರೂ ಹೇಳ್ತೀರಾ?

ಘಾಟಿ ಡ್ರೈವರ್:
ಬ್ರೇಕ್ ಸರಿ ಆಗೋ ತನಕ ದಯವಿಟ್ಟು ಲೋಡ್ ಹಾಕಿ ಘಾಟಿಗೆ ಇಳೀಬೇಡಿ. ಎಂಜಿನ್ ಆಫ್ ಇದ್ದಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಹಾಗೇ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳೀಬೇಕು. ಇಳೀಲಿಲ್ಲ ಅಂದ್ರೆ ವ್ಯಾಕ್ಯೂಮ್ ಬರ್ತಿಲ್ಲ ಇಲ್ಲಾ ಬೂಸ್ಟರ್ (ವ್ಯಾಕ್ಯೂಮ್ ಬಲದಿಂದ ಪೆಡಲ್ ಹಗುರ ಮಾಡೋದು) ಹೋಗಿದೆ. ಇಂಥ ಎಷ್ಟೋ ಡೀಸೆಲ್ ಗಾಡಿಲಿ ವ್ಯಾಕ್ಯೂಮ್ ಪಂಪ್ ಡೈನಮೋ ಹಿಂದೇನೇ ಕೂತಿರತ್ತೆ, ಅದ್ರ ಸೀಲ್ ಹೋದ್ರೆ ಡೈನಮೋ ಒಳಗೆಲ್ಲ ಆಯಿಲ್ ಹೋಗಿ ಚಾರ್ಜಿಂಗೂ ಕೆಡತ್ತೆ, ನಿಮ್ಮ ಸೆಲ್ಫ್ ತೊಂದ್ರೆಗೂ ಅದು ಕಾರಣ ಇರ್ಬಹುದು. ಬೂಸ್ಟರ್‌ಗೆ ಹೋಗೋ ಪೈಪ್ ಸೀಳಿದ್ಯಾ ಅದೂ ನೋಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಂದ್ಸಲ ಪೂರ್ತಿ ಬದ್ಲಾಯ್ಸಿ, ಅದು ಗಾಳಿಲಿರೋ ನೀರು ಎಳ್ಕೊಳತ್ತೆ, ಇಳಿಜಾರಲ್ಲಿ ಕಾದು ಕುದಿದ್ರೆ ಪೆಡಲ್ ನೆಲಕ್ಕೆ ಹೋಗತ್ತೆ. ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿ ಡೀಸೆಲ್ ಉಳಿಸ್ತೀನಿ ಅನ್ನೋರ ಮಾತು ಮಾತ್ರ ಕೇಳ್ಬೇಡಿ, ಆಫ್ ಆದ್ರೆ ವ್ಯಾಕ್ಯೂಮೇ ಇಲ್ಲ.

ಟೈರಿಗೆ: ಚಕ್ರ ಜಾಕಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡ್ಸಿ. ಆಟ ಇದ್ರೆ ಇನ್ನೊಬ್ರಿಗೆ ಬ್ರೇಕ್ ಒತ್ತೋಕೆ ಹೇಳಿ, ಆಟ ನಿಂತ್ರೆ ಬೇರಿಂಗು, ನಿಲ್ಲಲಿಲ್ಲ ಅಂದ್ರೆ ಬಾಲ್ ಜಾಯಿಂಟೋ ಕಿಂಗ್ ಪಿನ್ನೋ. ಅದು ಸರಿ ಮಾಡಿಸ್ದೆ ಅಲೈನ್ಮೆಂಟ್ ಮಾಡಿಸಿ ಉಪಯೋಗ ಇಲ್ಲ.

ಪ್ಲೇಟ್ ಜಾಸ್ತಿ ಹಾಕಿದ್ರೆ ಗಾಡಿ ಕೂರೋದು ತಪ್ಪತ್ತೆ, ಆದ್ರೆ ಬ್ರೇಕು, ಹಿಂದಿನ ಆಕ್ಸಲ್ ಹೌಸಿಂಗು, ಚಾಸಿ ಅದೇ ಹಳೇದು, ಆರ್‌ಸಿಲಿ ಇರೋ ತೂಕನೇ ಹಾಕಿ. ಚಾಸಿಗೆ ವೆಲ್ಡಿಂಗ್ ಮಾಡ್ಸೋದಾದ್ರೆ ತುಕ್ಕು ಪೂರ್ತಿ ಕಿತ್ತು ಒಳ್ಳೆ ಕಬ್ಬಿಣದ ತನಕ ಉದ್ದ ಉಕ್ಕಿನ ಪಟ್ಟಿ ಹೊದಿಸಿ ಮಾಡೋರ ಹತ್ರ ಹೋಗಿ, ಬ್ಯಾಟ್ರಿ ವೈರ್ ಬಿಚ್ಚಿಟ್ಟು ಮಾಡ್ಸಿ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ವರ್ಷಾ ವರ್ಷಾ, ಈ ಕೆಲ್ಸ ಅದಕ್ಕೂ ಬೇಕು. ನಾನಾಗಿದ್ರೆ ಮೊದ್ಲು ಬ್ರೇಕು, ಆಮೇಲೆ ಚಾಸಿ, ಆ ಹೋಸ್ ಬದ್ಲಾಯಿಸಿ ಹೊಗೆ ನೋಡ್ಕೊಂಡು ಕೊನೆಗೆ ಎಂಜಿನ್ ಮಾತು. ಈ ಗಾಡಿ ಈಗ್ಲೇ ಮಾರೋ ಅಂಥದ್ದೇನಿಲ್ಲ.

ಹೊಸನಗರ ತೋಟ:
ಸರಿ ಸರ್, ಬಾಳೆಕಾಯಿ ಲೋಡ್ ಬೇರೆಯವ್ರ ಗಾಡಿಗೆ ಹೇಳ್ದೆ. ನಾಳೆ ಪೆಡಲ್ ಟೆಸ್ಟು, ಕೈ ಪಂಪು ಎರಡೂ ನೋಡಿ ಇಲ್ಲೇ ಹಾಕ್ತೀನಿ.