ಯುಗಾದಿಗೆ ಮುಂಚಿನ ಭಾನುವಾರದ ಸಂತೆ: ಬೆಲ್ಲ, ಹೊಸ ಹುಣಸೆ, ರಾಜಮುಡಿ ಅಕ್ಕಿ, ರಸಬಾಳೆ ನೋಡಿ ಕೊಳ್ಳೋದು ಹೇಗೆ?

ಅಡಿಗೆಮನೆ_ಮೈಸೂರು:
ಮೈಸೂರಲ್ಲಿ ಭಾನುವಾರ ಬೆಳಗ್ಗೆ ರೈತರೇ ತಂದು ಮಾರುವ ಕಡೆ ಹಬ್ಬದ ಸಾಮಾನು ತಗೊಳ್ಳಬೇಕು. 5 ಕೆಜಿ ಬೆಲ್ಲ, ವರ್ಷಕ್ಕಾಗುವಷ್ಟು ಹುಣಸೆ, 10 ಕೆಜಿ ರಾಜಮುಡಿ, ಒಂದೆರಡು ಚಿಪ್ಪು ರಸಬಾಳೆ. ಬೆಲ್ಲ ಕಪ್ಪಗಿದ್ದರೆ ಸಾವಯವ, ಹಾಲು ಒಡೆದರೆ ಕಲಬೆರಕೆ ಅಂತಾರಲ್ಲ, ಅದು ನಿಜವಾ? ನಿಂತಲ್ಲೇ ಪರೀಕ್ಷೆ ಮಾಡೋ ದಾರಿ ಹೇಳಿ.

ಕೊಪ್ಪರಿಗೆ_ಮಂಡ್ಯ:
ಎರಡೂ ಅರ್ಧ ಸತ್ಯ. ಪಾಕ ತಳ ಹಿಡಿದರೂ ಬೆಲ್ಲ ಕಪ್ಪಾಗುತ್ತೆ, ಮಡ್ಡಿ (ಹಾಲು ಕುದಿಯುವಾಗ ಮೇಲೆ ಬರೋ ಕೊಳೆ, ಇಲ್ಲಿ ಕಬ್ಬಿನ ಹಾಲು) ಸರಿಯಾಗಿ ತೆಗೆಯದಿದ್ದರೂ ಕಪ್ಪಾಗುತ್ತೆ, ಹಳೇ ದಾಸ್ತಾನೂ ಕಪ್ಪೇ. ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ ಹಾಕಿ ಮಡ್ಡಿ ಎತ್ತಿದ ಒಳ್ಳೇ ಬೆಲ್ಲ ಹೊಂಬಣ್ಣದ ಕಂದು ಬರುತ್ತೆ. ಅನುಮಾನ ಪಡಬೇಕಾದ್ದು ನಿಂಬೆಹಣ್ಣಿನಂಥ ತೆಳು ಹಳದಿಯನ್ನ. ಅದು ಹೈಡ್ರೋಸ್ ಕೆಲಸ, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಣ್ಣವನ್ನ ತಾತ್ಕಾಲಿಕವಾಗಿ ಬಿಳಿಚುತ್ತೆ ಅಷ್ಟೇ, ಕೆಲವು ವಾರದಲ್ಲಿ ಗಾಳಿ ತಾಗಿ ಮತ್ತೆ ಕಂದು ತಿರುಗುತ್ತೆ. ಹೊರಗೆ ಕಂದು, ಮುರಿದರೆ ಒಳಗೆ ಬಿಳಿಚಿದ ಹಳದಿ ಅಂದರೆ ಬಹುಮಟ್ಟಿಗೆ ಅದೇ. ಹೈಡ್ರೋಸ್‌ನಿಂದ ಬೆಲ್ಲದಲ್ಲಿ ಉಳಿಯೋ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 70 ಭಾಗ) ಮೀರಬಾರದು ಅನ್ನೋದು ನಿಯಮ. ಸಂತೇಲಿ ಅಳೆಯೋಕಾಗಲ್ಲ, ಆದ್ದರಿಂದ ಅಚ್ಚನ್ನ ಮುರಿಸಿ ನೋಡಿ. ಮುರಿಯಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ.

ಹಾಲಿನ ವಿಚಾರ: ಬೆಲ್ಲಕ್ಕೆ ಸಹಜವಾಗೇ ಸ್ವಲ್ಪ ಹುಳಿ ಗುಣ ಇದೆ, ಕುದಿಯೋ ಹಾಲಿಗೆ ಹಾಕಿದರೆ ಶುದ್ಧ ಬೆಲ್ಲವೂ ಒಡೆಸುತ್ತೆ. ಬೇರೆ ನೀರಲ್ಲಿ ಕರಗಿಸಿ, ಸೋಸಿ, ಆರಿಸಿ, ಒಲೆಯಿಂದ ಇಳಿಸಿದ ಪಾಯಸಕ್ಕೆ ಸೇರಿಸಿ.

ನಾಲಿಗೆ ಪರೀಕ್ಷೆ ಇನ್ನೂ ಉಪಯೋಗ. ಉಪ್ಪುಪ್ಪಾಗಿದ್ದರೆ ಚೌಳು ಮಣ್ಣಿನ ಕಬ್ಬು, ಇಲ್ಲಾ ಯೂರಿಯಾ ಅತಿಯಾದ ಕಬ್ಬು. ಅಂಥ ಬೆಲ್ಲ ಮೆತ್ತಗೇ ಇರುತ್ತೆ, ಮಳೆಗಾಲದಲ್ಲಿ ನೀರು ಬಿಡುತ್ತೆ. ಸಾಬೂನಿನ ಒಗರಿದ್ದರೆ ಸೋಡಾ ಜಾಸ್ತಿ. ಪರಿಮಳವೇ ಇಲ್ಲದ ಬರೀ ಸಿಹಿ, ಕಲ್ಲಿನಂಥ ಗಟ್ಟಿ, ಮುರಿದಾಗ ಮಿಂಚುವ ಹರಳು, ಇವು ಮೂರೂ ಸೇರಿದ್ದರೆ ಸಕ್ಕರೆ ಬೆರೆಸಿದ್ದು. ಒಂದು ತುಂಡನ್ನ ಗಾಜಿನ ಲೋಟದ ನೀರಲ್ಲಿ ಕರಗಿಸಿದಾಗ ತಳದಲ್ಲಿ ಬಿಳಿ ಪುಡಿ ಕೂತರೆ ಸೀಮೆಸುಣ್ಣದ ಪುಡಿ ಇರಬಹುದು. ಕಂದು ಕಸ, ನಾರು ಇದ್ದರೆ ಸೋಸೋದು ಸಾಲದು ಅಷ್ಟೇ, ವಿಷವೇನಲ್ಲ.

5 ಕೆಜಿಗೆ ಅಚ್ಚು ಬೆಲ್ಲವೇ ಸರಿ. ಬಕೆಟ್ ಬೆಲ್ಲದ ನಡುಭಾಗ ಬೇಗ ಆರಲ್ಲ, ಅಲ್ಲೇ ಬೂಷ್ಟು ಹಿಡಿಯೋದು.

ನಾಲೆಬದಿ:
ಮೊದಲು ಮಾರೋನು ಬೆಳೆದವನಾ ನೋಡಿ. ಮಾರ್ಚಲ್ಲಿ ಒಬ್ಬನೇ ಕ್ಯಾರೆಟ್, ಹೂಕೋಸು, ಆಲೂಗಡ್ಡೆ, ದಪ್ಪಮೆಣಸಿನಕಾಯಿ ಎಲ್ಲಾ ಒಂದೇ ಗಾತ್ರದಲ್ಲಿ ಗುಡ್ಡೆ ಹಾಕಿದ್ದರೆ ಅದು ಬಂಡಿಪಾಳ್ಯದ ಸಗಟು ಮಾರುಕಟ್ಟೆಯ ಮಾಲು. ಬೆಳೆದವರ ಹತ್ತಿರ ನಾಲ್ಕೈದು ಬಗೆಗಿಂತ ಹೆಚ್ಚಿರಲ್ಲ: ನುಗ್ಗೆ, ದಂಟು, ಕಿರುಕೀರೆ, ಅಲಸಂದೆ, ತೆಂಗಿನಕಾಯಿ. ಈಗ ನುಗ್ಗೆ ಸುಗ್ಗಿ, ತಿರುಚಿದರೆ ಮುರಿಯದೆ ಬಳುಕೋದು ಎಳೇದು. ಬೀಜದ ಉಬ್ಬು ಕಂಡರೆ ಸಾರಿಗೆ ಬೇಡ. ಸೊಪ್ಪು 8 ಗಂಟೆಯೊಳಗೆ, ಬೇರಿನ ಸಮೇತ.

ತಕ್ಕಡಿ ಬಗ್ಗೆ ಜಗಳ ಬೇಡ. ಮೂಟೆ ಬಿಚ್ಚದ ಅರ್ಧ ಲೀಟರ್ ನೀರಿನ ಬಾಟ್ಲಿ ಇಟ್ಟು ನೋಡಿ, 510–525 ಗ್ರಾಂ ತೋರಿಸಬೇಕು.

ಅಡಿಗೆಮನೆ_ಮೈಸೂರು:
ಬಾಟ್ಲಿಗೆ ಮೂಟೆ ಎಲ್ಲಿಂದ ಬಂತು! ಅರ್ಥ ಆಯ್ತು ಬಿಡಿ, ಮುಚ್ಚಳ ಬಿಚ್ಚದ್ದು. ಹುಣಸೆ, ಅಕ್ಕಿ, ಬಾಳೆ?

ಒಗ್ಗರಣೆ_ಸೌಟು:
ಹುಣಸೆ: ಹೊಸದು ಕೆಂಪು ಮಿಶ್ರಿತ ತಿಳಿ ಕಂದು, ಕಪ್ಪಾದದ್ದು ಹೋದ ವರ್ಷದ್ದು. ಬೀಜ ಸಮೇತ ಕೊಂಡರೆ ಬೀಜ, ನಾರು ತೆಗೆದಾಗ ಕೆಜಿಗೆ ಸುಮಾರು 600 ಗ್ರಾಂ ಉಳಿಯುತ್ತೆ, ಬೆಲೆ ಹೋಲಿಸುವಾಗ ಅದನ್ನ ಲೆಕ್ಕ ಹಾಕಿ. ಬೀಜ ಉಳಿದರೆ ಹುಳ ಅಲ್ಲಿಂದಲೇ ಶುರು. ಎರಡು ದಿನ ಒಳ್ಳೇ ಬಿಸಿಲು, ಕೆಜಿಗೆ 80–100 ಗ್ರಾಂ ಕಲ್ಲುಪ್ಪು, ಪದರ ಪದರವಾಗಿ ಜಾಡಿಗೆ ಒತ್ತಿ ತುಂಬಿ. ಸ್ಟೀಲ್ ಡಬ್ಬ, ಅಲ್ಯೂಮಿನಿಯಂ ಬೇಡ, ಹುಳಿ ಮತ್ತು ಉಪ್ಪು ಸೇರಿ ಲೋಹ ತಿನ್ನುತ್ತೆ.

ರಾಜಮುಡಿ: ನವೆಂಬರ್–ಡಿಸೆಂಬರ್ ಕೊಯ್ಲಿನದ್ದಾದರೆ ಈಗಷ್ಟೇ ಸ್ವಲ್ಪ ಹಳತಾಗಿದೆ, ಅನ್ನ ಕೊಂಚ ಮುದ್ದೆ ಕಟ್ಟುತ್ತೆ. ಕೆಂಪು ಗೆರೆ ಉಳಿದ ಅರೆ ಪಾಲಿಶ್ ಅಕ್ಕಿ 10 ಕೆಜಿ ಬೇಡ, ತವುಡಿನ ಎಣ್ಣೆ ಬಿಸಿಲುಗಾಲದಲ್ಲಿ ಕಮಟುತ್ತೆ. ಎರಡು ತಿಂಗಳಿಗಾಗುವಷ್ಟು ಮಾತ್ರ ತಗೊಳ್ಳಿ. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂವರೆಯಿಂದ ಮೂರು ನೀರು.

ರಸಬಾಳೆ: ಭೌಗೋಳಿಕ ಸೂಚಿಕೆ (ಜಿಐ, ಆ ಊರಿನ ಬೆಳೆಗಷ್ಟೇ ಸಲ್ಲೋ ಹೆಸರಿನ ಗುರುತು) ಇರೋದು ನಂಜನಗೂಡು ರಸಬಾಳೆಗೆ. ಪನಾಮ ಸೊರಗು ರೋಗದಿಂದ ತೋಟಗಳೇ ಹೋದ ಮೇಲೆ ಸಿಗೋದು ಕಮ್ಮಿ. ಅದೇ ಜಾತಿಯ ತಮಿಳುನಾಡಿನ ರಸ್ತಾಳಿಯನ್ನ ಈ ಹೆಸರಲ್ಲಿ ಮಾರೋರಿದ್ದಾರೆ. ಯಾವ ಊರಿನ ತೋಟ, ಎಷ್ಟು ಗೊನೆ ಬಂತು ಅಂತ ಕೇಳಿ, ಬೆಳೆದವನು ತಡವರಿಸಲ್ಲ. ಒತ್ತಿದಾಗ ಮಧ್ಯೆ ಗಂಟು ಸಿಕ್ಕರೆ ಆ ಹಣ್ಣಿನ ಒಳಗೆ ಕಲ್ಲು ಕಟ್ಟಿದೆ. ಈ ಜಾತಿಗಿರೋ ದೋಷ ಅದು, ಇಟ್ಟರೂ ಹಣ್ಣಾಗಲ್ಲ. ಹಣ್ಣು ಚಿಪ್ಪಿಂದ ಬೇಗ ಉದುರುತ್ತೆ, ಚೀಲದ ತಳಕ್ಕೆ ಹಾಕಬೇಡಿ.

ನಾಲೆಬದಿ:
ಮೂಟೆ ಅಂದಿದ್ದು ಮೂತಿ ಬಿಚ್ಚದ್ದು ಅಂತ, ಬೆರಳು ತಪ್ಪಿತು. ಇನ್ನೊಂದು, ಮಾವಿನಹಣ್ಣು ಕಂಡರೂ ಈಗ ಬೇಡ. ಬಲಿಯದ ಕಾಯಿಗೆ ಕಾರ್ಬೈಡ್ ಇಟ್ಟದ್ದೇ ಹೆಚ್ಚು, ಅದು ನಿಷೇಧ ಆಗಿದ್ದರೂ. ನೀರಿಗೆ ಹಾಕಿದರೆ ಬಲಿತದ್ದು ಮುಳುಗುತ್ತೆ, ಎಳೇದು ತೇಲುತ್ತೆ. ಚಿತ್ರಾನ್ನಕ್ಕೆ ಮಾತ್ರ ಹುಳಿಮಾವಿನ ಕಾಯಿ ತಗೊಳ್ಳಿ.

ಅಡಿಗೆಮನೆ_ಮೈಸೂರು:
ಬೆಲ್ಲ ಫ್ರಿಜ್ಜಲ್ಲಿ ಇಡಬಹುದಾ?

ಕೊಪ್ಪರಿಗೆ_ಮಂಡ್ಯ:
ಗಾಳಿಯಾಡದ ಡಬ್ಬದಲ್ಲಾದರೆ ಇಡಬಹುದು, ಆದರೆ ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಮೇಲೆ ನೀರು ಕೂರುತ್ತೆ. ಅದರ ಬದಲು ಅಚ್ಚುಗಳನ್ನ ಒಂದೊಂದಾಗಿ ಕಾಗದದಲ್ಲಿ ಸುತ್ತಿ ಬಿಗಿ ಡಬ್ಬಕ್ಕೆ ಹಾಕಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ತೆಗೆದು ನೋಡಿ. ಜಿಗುಟು ಬಂದ ಅಚ್ಚನ್ನ ಮೊದಲು ಖರ್ಚು ಮಾಡಿ.