ಇಡ್ಲಿ ಗೇಮು, ಕಾಗೆ ಕಾಟ, ಬೋಪಣ್ಣನ ತಕರಾರು

ಗುಂಪು: ಹೈಸ್ಕೂಲ್ ಹಳೇ ಬೆಂಚು
ಭಾನುವಾರ ಸಂಜೆ

ಹಮೀದ್ (ಕುಶಾಲನಗರ): ವಿಡಿಯೊ ಹಾಕಿದ್ದೇನೆ, ನೋಡಿ. ‘ವೆಂಬಾ’ ಅಂತ ಗೇಮ್. ತಮಿಳುನಾಡಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ಗಂಡ ಹೆಂಡತಿಯ ಕಥೆ. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದುಹೋಗಿದೆ, ಅಲ್ಲಲ್ಲಿ ಅಕ್ಷರ ಅಳಿಸಿದೆ. ಅದನ್ನೇ ನೋಡಿಕೊಂಡು, ಯಾವುದಾದ ಮೇಲೆ ಯಾವುದು ಅಂತ ಊಹಿಸಿ ನಾವು ಇಡ್ಲಿ ಮಾಡಬೇಕು. ಟೊರಾಂಟೊದ ಪುಟ್ಟ ತಂಡ ಮಾಡಿದ್ದು. 2023ರಲ್ಲಿ ಬಂತು, ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ. ಇದು ಕಲೆ ಅಲ್ಲ ಅನ್ನುವವರು ಕೈ ಎತ್ತಿ.

ಬೋಪಣ್ಣ: ಎರಡೂ ಕೈ ಎತ್ತಿದ್ದೇನೆ.

ಬೋಪಣ್ಣ: ಇಡ್ಲಿ ಬೇಕಾದರೆ ಒಲೆ ಹಚ್ಚಬೇಕು. ಫೋನ್ ಉಜ್ಜಿದರೆ ಬರುತ್ತಾ? ನಮ್ಮ ತೋಟದ ಕೆಲಸದವರ ಲೈನ್ ಮನೆ ಹುಡುಗನೊಬ್ಬ ಗೇಮ್ ಗೇಮ್ ಅಂತ ರಮ್ಮಿ ಆಡಿ ಬೋನಸ್ ದುಡ್ಡೆಲ್ಲ ಕಳೆದುಕೊಂಡ.

ಹಮೀದ್: ಅದು ದುಡ್ಡಿನ ಆಟ ಮಾರಾಯ. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿ ನಿಷೇಧಿಸಿದ್ದು ಅದನ್ನೇ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಶೈಲಾ: ಇಡ್ಲಿ ಬಿಡಿ. ಪಂದಿ ಕರಿ ಗೇಮ್ ಇದ್ದರೆ ಹೇಳಿ. ಕೊನೆಗೆ ಹಾಕುವ ಹುಳಿ ಕಾಚಂಪುಳಿಯನ್ನು ಮೊದಲೇ ಸುರಿದವರು ಔಟ್.

ಲೋಕೇಶ್ (ಬೆಂಗಳೂರು): ಬೋಪಣ್ಣ, ನಿನಗೆ ಹೊಂದುವ ಗೇಮ್ ಒಂದಿದೆ. ‘ಸ್ಟಾರ್‌ಡ್ಯೂ ವ್ಯಾಲಿ’. ಬೇಸಾಯದ್ದು. ಅಮೆರಿಕದ ಎರಿಕ್ ಬರೋನ್ ಒಬ್ಬನೇ ಮಾಡಿದ್ದು. ಚಿತ್ರ, ಸಂಗೀತ, ಕೋಡ್, ಮಾತು, ಎಲ್ಲ ಅವನದ್ದೇ. ಸುಮಾರು ನಾಲ್ಕೂವರೆ ವರ್ಷ ಹಿಡಿಯಿತು. ಅಷ್ಟೂ ದಿನ ಮನೆ ನಡೆದದ್ದು ಹೆಚ್ಚಾಗಿ ಜೊತೆಗಿದ್ದ ಹುಡುಗಿಯ ದುಡಿಮೆಯಲ್ಲಿ. ಇವನಿಗೆ ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಪಾರ್ಟ್‌ಟೈಮ್ ಕೆಲಸ. 2016ರಲ್ಲಿ ಗೇಮ್ ಬಂತು. ಈಗ 4 ಕೋಟಿಗೂ ಜಾಸ್ತಿ ಮಾರಾಟವಾಗಿದೆ.

ಬೋಪಣ್ಣ: ಅದು ಗೊತ್ತು. ಮಗಳು ಆಡುತ್ತಾಳೆ, ಪಕ್ಕದಲ್ಲಿ ಕೂತು ನೋಡಿದ್ದೇನೆ. ಕಾಫಿ ಬೀಜ ಹಾಕಿದರೆ 10 ದಿನಕ್ಕೆ ಫಸಲು! ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ಪಲ್ಪರ್ ಇಲ್ಲ, ಕಣ ಇಲ್ಲ, ಒಣಗಿಸುವುದಿಲ್ಲ. 5 ಬೀಜ ಪೀಪಾಯಿಗೆ ಹಾಕಿದರೆ ಕಾಫಿ ರೆಡಿ. ಇಲ್ಲಿ ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು. ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬೀಳಬೇಕು, ಆಮೇಲೆ ಅದರ ಬೆನ್ನಿಗೆ ಬ್ಯಾಕಿಂಗ್ ಮಳೆ ಬೀಳಬೇಕು. ಕೊಯ್ಲಿನಲ್ಲಿ ಮಾತ್ರ ಬೀಳಬಾರದು, ಆಗಲೇ ಬೀಳುತ್ತದೆ. ಕೆಲಸಕ್ಕೆ ಜನ ಇಲ್ಲ. ರಾತ್ರಿ ಆನೆ ನುಗ್ಗಿದರೆ ಬೆಳಿಗ್ಗೆ ಲೆಕ್ಕ ಹಾಕುತ್ತಾ ಕೂರಬೇಕು. ಆ ಗೇಮಿನಲ್ಲಿ ಬೆಳೆ ತಿನ್ನಲು ಬರುವುದು ಏನು ಗೊತ್ತಾ? ಕಾಗೆ! ಬೆದರುಬೊಂಬೆ ನಿಲ್ಲಿಸಿದರೆ ಅದೂ ಮುಗಿಯಿತು.

ಶೈಲಾ: ಹ್ಹಹ್ಹ, ಕಾಗೆ.

ತಾರಾ (ಮಡಿಕೇರಿ): ಇದೊಂದರಲ್ಲಿ ನಾನು ಬೋಪಣ್ಣನ ಕಡೆ. ಆಫೀಸ್ ಕೆಲಸ ಸಾಕಾಗಿ ತಾತನ ತೋಟಕ್ಕೆ ಬರುವ ಕಥೆ ಅದು. ತೋಟವನ್ನು ಪೇಟೆಯಿಂದ ನೋಡಿದರೆ ಹಾಗೆ ಕಾಣುತ್ತದೆ. ಕೆಲಸ ಅಚ್ಚುಕಟ್ಟು, ಸಂಗೀತ ಚೆನ್ನಾಗಿದೆ, ಆದರೆ ಸಿಹಿ ಜಾಸ್ತಿ. ಒಬ್ಬನೇ ಕಷ್ಟಪಟ್ಟ ಅನ್ನುವುದು ಬೇರೆ ವಿಷಯ. ಕಷ್ಟಪಟ್ಟಿದ್ದಕ್ಕೆಲ್ಲ ಕಲೆ ಅನ್ನುವುದಾದರೆ ನಮ್ಮ ಗಣಿತ ಹೋಮ್‌ವರ್ಕೂ ಕಲೆಯೇ.

ಲೋಕೇಶ್: ಮತ್ತೆ ನಿನ್ನ ಪ್ರಕಾರ ಯಾವುದು?

ಡ್ರಾಯಿಂಗ್ ಸರ್: ನಾನು ಒಂದು ಮಾತು ಕೇಳಲೇ? ಚಿತ್ರದಲ್ಲಿ ಎಲ್ಲಿ ಕಪ್ಪು, ಎಲ್ಲಿ ಖಾಲಿ ಅಂತ ಬರೆದವನು ತೀರ್ಮಾನಿಸುತ್ತಾನೆ. ಗೇಮಿನಲ್ಲಿ ಆಡುವವನು ಬಲಕ್ಕೂ ಹೋಗಬಹುದು, ಎಡಕ್ಕೂ ಹೋಗಬಹುದು. ಹಾಗಾದರೆ ಕಲಾವಿದ ಯಾರು?

ತಾರಾ: ಸರ್, ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಹೆಚ್ಚು ಕಡಿಮೆ ಇದನ್ನೇ ಹೇಳುತ್ತಿದ್ದರು. ವಿಡಿಯೊ ಗೇಮ್ ಎಂದಿಗೂ ಕಲೆ ಆಗಲ್ಲ ಅಂತ 2010ರಲ್ಲಿ ಬರೆದರು. ಜನ ಮುಗಿಬಿದ್ದರು. ಅದೇ ವರ್ಷ, ಆಡದೇ ನಾನು ಹಾಗೆ ಹೇಳಬಾರದಿತ್ತು ಅಂತಲೂ ಬರೆದರು. ಅಭಿಪ್ರಾಯ ಮಾತ್ರ ಬಿಡಲಿಲ್ಲ.

ಬೋಪಣ್ಣ: ಒಳ್ಳೆ ಮನುಷ್ಯ.

ತಾರಾ: ಈಗ ಕೇಳಿ. ‘ಪೇಪರ್ಸ್, ಪ್ಲೀಸ್’ ಅಂತ ಒಂದಿದೆ. 2013ರದ್ದು. ಲೂಕಸ್ ಪೋಪ್ ಒಬ್ಬನೇ ಮಾಡಿದ್ದು. ಏರ್‌ಪೋರ್ಟುಗಳಲ್ಲಿ ಪಾಸ್‌ಪೋರ್ಟ್ ತೋರಿಸಿ ತೋರಿಸಿ ಬಂದ ಯೋಚನೆ. ನೀನು ಗಡಿ ಚೆಕ್‌ಪೋಸ್ಟಿನ ಗುಮಾಸ್ತ. ಕಾಗದ ನೋಡಬೇಕು, ಹೆಸರು ತಾರೀಖು ತಾಳೆ ನೋಡಬೇಕು, ಸೀಲ್ ಹೊಡೆಯಬೇಕು. ಹಸಿರು ಬಿದ್ದರೆ ಒಳಗೆ, ಕೆಂಪು ಬಿದ್ದರೆ ವಾಪಸ್. ಎಷ್ಟು ಜನರನ್ನು ನೋಡಿದೆಯೋ ಅಷ್ಟು ಸಂಬಳ. ಸಂಜೆ ಆ ದುಡ್ಡಿನಲ್ಲಿ ಮನೆ ಬಾಡಿಗೆ, ಊಟ, ಚಳಿಗೆ ಹೀಟರ್, ಮಗನಿಗೆ ಔಷಧಿ. ಎಲ್ಲದಕ್ಕೂ ಸಾಲುವುದಿಲ್ಲ.

ಒಬ್ಬ ಬರುತ್ತಾನೆ, ಕಾಗದ ಸರಿ ಇದೆ. ಹಿಂದೆಯೇ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ದಯೆ ಇರಲಿ ಅನ್ನುತ್ತಾನೆ. ಅವಳು ಬರುತ್ತಾಳೆ. ಪರ್ಮಿಟ್ ಇಲ್ಲ. ವಾಪಸ್ ಹೋದರೆ ಕೊಂದುಬಿಡುತ್ತಾರೆ ಅನ್ನುತ್ತಾಳೆ. ಕಾಗದ ಇಲ್ಲದವರನ್ನು ಬಿಟ್ಟರೆ ತಕ್ಷಣ ಪಕ್ಕದ ಪ್ರಿಂಟರ್‌ನಿಂದ ಚೀಟಿ ಬರುತ್ತದೆ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ.

ಸರ್, ಇದೇ ಕಥೆಯನ್ನು ಸಿನಿಮಾದಲ್ಲಿ ನೋಡಿದ್ದರೆ ಆ ಗುಮಾಸ್ತನನ್ನು ಬೈದು ಎದ್ದು ಹೋಗುತ್ತಿದ್ದೆ. ಇಲ್ಲಿ ಕೆಂಪು ಸೀಲ್ ಹೊಡೆದದ್ದು ನಾನು. ಬೈಯಲು ಬೇರೆ ಯಾರೂ ಇಲ್ಲ. ಎಡಕ್ಕೋ ಬಲಕ್ಕೋ ಅಂತ ನನ್ನ ಕೈಗೆ ಬಿಟ್ಟವನು, ಆದರೆ ಎರಡೂ ಕಡೆ ಏನು ಕಾದಿರಬೇಕು ಅಂತ ಮೊದಲೇ ತೀರ್ಮಾನಿಸಿದವನು ಲೂಕಸ್ ಪೋಪ್. ಕಲಾವಿದ ಅವನೇ.

ಹಮೀದ್: ಕೋವಿಡ್ ಶುರುವಿನಲ್ಲಿ ಕೇರಳ ಗಡಿಯ ಮಾಕುಟ್ಟದಲ್ಲಿ ದಾರಿ ಮುಚ್ಚಿದ್ದು ನೆನಪಿದೆಯಾ? ತಂಗಿ ಆಚೆ ಇರಿಟ್ಟಿಯಲ್ಲಿ, ಉಮ್ಮ ಇಲ್ಲಿ. ಆಗ ಚೆಕ್‌ಪೋಸ್ಟಿನವರ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಈ ಗೇಮ್ ಆಡಿದ ಮೇಲೆ ಸಿಟ್ಟು ಹೋಗಿಲ್ಲ, ಆದರೆ ಅವರ ಮೇಜಿನ ಆಚೆ ಕಡೆ ಕೂತು ನೋಡಿದ ಹಾಗಾಯಿತು.

ಶೈಲಾ: ಈ ಸಂದೇಶವನ್ನು ಅಳಿಸಲಾಗಿದೆ

ಬೋಪಣ್ಣ: ಸರಿ, ಹಾಕಿಯೂ ಆಟವೇ ಅಲ್ವಾ? 1997ರಿಂದ ಕೊಡವ ಮನೆತನಗಳ ಹಾಕಿ ಹಬ್ಬ ನಡೆಯುತ್ತಿದೆ. ಮುನ್ನೂರಕ್ಕೂ ಜಾಸ್ತಿ ತಂಡ ಬಂದದ್ದಿದೆ. ಯಾರಾದರೂ ಅದನ್ನು ಮ್ಯೂಸಿಯಂನಲ್ಲಿ ಇಟ್ಟರಾ?

ತಾರಾ: ಹಾಕಿಯ ನಿಯಮ ಬರೆದವರಿಗೆ ಅದರ ಮೂಲಕ ಏನೂ ಹೇಳಬೇಕಾಗಿರಲಿಲ್ಲ. ಗೋಲು ಹೊಡೆದರೆ ಗೋಲು, ಅಷ್ಟೇ. ‘ಪೇಪರ್ಸ್, ಪ್ಲೀಸ್’ನಲ್ಲಿ ನಿಯಮವೇ ಮಾತು. ಎರಡು ತಪ್ಪಿಗೆ ಕ್ಷಮೆ ಅಂತ ಇಟ್ಟಿದ್ದಾನಲ್ಲ, ಅಂದರೆ ದಿನಕ್ಕೆ ಇಬ್ಬರ ಮೇಲೆ ಮಾತ್ರ ದಯೆ ತೋರಿಸಬಹುದು. ಕೈತಪ್ಪಿ ಎರಡು ತಪ್ಪು ಮಾಡಿಕೊಂಡರೆ ಅದೂ ಇಲ್ಲ. ಮ್ಯೂಸಿಯಂ ಕೇಳಿದೆಯಲ್ಲ, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 2012ರಲ್ಲೇ 14 ಗೇಮ್ ಸೇರಿಸಿಕೊಂಡಿದೆ. ಅದರಲ್ಲಿ ‘ಪ್ಯಾಸೇಜ್’ ಅಂತ ಒಂದು, ಜೇಸನ್ ರೋರರ್ 2007ರಲ್ಲಿ ಮಾಡಿದ್ದು. ಆಡಲು 5 ನಿಮಿಷ ಸಾಕು. ಒಬ್ಬ ನಡೆಯುತ್ತಾನೆ, ಮುದುಕನಾಗುತ್ತಾನೆ, ಸಾಯುತ್ತಾನೆ. ದಾರಿಯಲ್ಲಿ ಹುಡುಗಿ ಸಿಗುತ್ತಾಳೆ, ಬೇಕಾದರೆ ಜೋಡಿಯಾಗಬಹುದು. ಆದರೆ ಜೋಡಿಯಾದರೆ ಇಕ್ಕಟ್ಟಾದ ಸಂದಿಗಳಲ್ಲಿ ನುಗ್ಗಲು ಆಗುವುದಿಲ್ಲ. ಮದುವೆ ಬಗ್ಗೆ ಒಂದು ಮಾತೂ ಇಲ್ಲ, ಇದೊಂದು ನಿಯಮ ಅಷ್ಟೇ.

ಡ್ರಾಯಿಂಗ್ ಸರ್: ಪರದೆ ಎಷ್ಟು ದೊಡ್ಡದು?

ತಾರಾ: 100 ಚುಕ್ಕೆ ಅಗಲ, 16 ಚುಕ್ಕೆ ಎತ್ತರ ಸರ್.

ಡ್ರಾಯಿಂಗ್ ಸರ್: 16 ಚುಕ್ಕೆಯಲ್ಲಿ ಮನುಷ್ಯ, ಮುಪ್ಪು, ಸಾವು. ಹಾಗಾದರೆ ನೋಡಬೇಕು. ಕಲೆ ಅಂತ ಇನ್ನೂ ಒಪ್ಪಿಲ್ಲ. ನೋಡಬೇಕು ಅಂದೆ.

ಲೋಕೇಶ್: ನಾನೂ ಒಂದು ತಕರಾರು ಹೇಳಿಬಿಡುತ್ತೇನೆ. ಇಂಡೀ, ಅಂದರೆ ದೊಡ್ಡ ಕಂಪನಿ ಇಲ್ಲದೆ ಒಬ್ಬಿಬ್ಬರೋ ಪುಟ್ಟ ತಂಡವೋ ಮಾಡಿದ ಗೇಮ್ ಅಂದ ತಕ್ಷಣ ಕೈ ಮುಗಿಯಬೇಕಾಗಿಲ್ಲ. ಬರುವುದರಲ್ಲಿ ಮುಕ್ಕಾಲುಪಾಲು ಒಂದನ್ನು ನೋಡಿ ಇನ್ನೊಂದು ಮಾಡಿದ್ದು. ಚೌಕ ಚೌಕದ ಹಳೇ ಕಾಲದ ಚಿತ್ರ, ಬೇಜಾರಿನ ಪಿಯಾನೊ, ಅಳುವ ಹುಡುಗಿ. ನೋಡಿ ನೋಡಿ ಸಾಕಾಗಿದೆ.

ತಾರಾ: ಒಪ್ಪಿದೆ. ಕವಿತೆಯಲ್ಲೂ ಮುಕ್ಕಾಲುಪಾಲು ಅದೇ ತಾನೆ. ಆದರೆ ನೂರಾರು ಜನ ಸೇರಿ, ನೂರಾರು ಕೋಟಿ ಸುರಿದು ಮಾಡುವ ಕಂಪನಿ, ಗುಮಾಸ್ತ ಸೀಲ್ ಹೊಡೆಯುವ ಗೇಮ್‌ಗೆ ದುಡ್ಡು ಹಾಕಲು ಹಿಂದೆ ಮುಂದೆ ನೋಡುತ್ತದೆ. ಒಬ್ಬನಿಗಾದರೆ ಹುಚ್ಚು ಹಿಡಿದರೆ ಸಾಕು. ನಮ್ಮ ಕಡೆಯೂ ಇಲ್ಲದಿಲ್ಲ. ಪುಣೆಯವರ ‘ರಾಜಿ’ಗೆ ಜನರಿಂದ ದುಡ್ಡು ಎತ್ತಲು ಹೋಗಿ ಆಗಲಿಲ್ಲ. ಆದರೂ 2020ರಲ್ಲಿ ಬಂತು.

ಶೈಲಾ: ನಮ್ಮ ಊರಿನದ್ದು ಯಾರಾದರೂ ಮಾಡಬೇಕು. ಬೋಪಣ್ಣನ ತೋಟದ್ದು. ಹೂಮಳೆ ಬರದೇ ಇದ್ದರೆ ಸಾಲ ತೆಗೆದು ಸ್ಪ್ರಿಂಕ್ಲರ್ ಹಾಕಿಸುವುದೋ, ಕಾಯುವುದೋ?

ಬೋಪಣ್ಣ: ಅದನ್ನು ಯಾರು ದುಡ್ಡು ಕೊಟ್ಟು ಆಡುತ್ತಾರೆ? ನಾನು ಪುಕ್ಕಟೆ ಆಡುತ್ತಿದ್ದೇನೆ.

ರಾತ್ರಿ, ಊಟ ಆದ ಮೇಲೆ

ಬೋಪಣ್ಣ: ಆ ಚೆಕ್‌ಪೋಸ್ಟ್ ಗೇಮ್ ಮಗಳ ಫೋನಿನಲ್ಲಿ ಇತ್ತು. ಸುಮ್ನೆ ನೋಡಿದೆ.

ಹಮೀದ್: ಗಂಡ ಹೆಂಡತಿ ಬಂದರಾ?

ಬೋಪಣ್ಣ: ಬಂದರು.

ತಾರಾ: ಬಿಟ್ಟೆಯಾ?

ಬೋಪಣ್ಣ: ಪರ್ಮಿಟ್ ಇರಲಿಲ್ಲ.

ಶೈಲಾ: ಅಯ್ಯೋ ಪಾಪಿ!

ಬೋಪಣ್ಣ: ಏನು ಪಾಪಿ? ಅಷ್ಟರಲ್ಲಿ ನನಗೆ ಎರಡು ಚೀಟಿ ಬಂದಿತ್ತು. ಒಂದರಲ್ಲಿ ತಾರೀಖು ನೋಡಲಿಲ್ಲ, ಇನ್ನೊಂದರಲ್ಲಿ ಊರಿನ ಹೆಸರು ತಪ್ಪಿತ್ತು. ಮೂರನೆಯದಾಗಿದ್ದರೆ ದಂಡ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಹಿಂದಿನ ರಾತ್ರಿ ಹೀಟರ್ ಹಾಕಿರಲಿಲ್ಲ. ಬಿಡು ಅನ್ನುವುದು ನಿಮಗೆ ಸುಲಭ.

ಲೋಕೇಶ್: ಗೇಮಿನ ಅತ್ತೆನಾ, ನಿಜವಾದ ಅತ್ತೆನಾ?

ಬೋಪಣ್ಣ: ಗೇಮಿನದ್ದು ಕಣೋ! ಗಂಡನಾದರೂ ಮೊದಲೇ ಹೆಂಡತಿಯ ಕಾಗದ ಸರಿ ಮಾಡಿಸಿಕೊಂಡು ಬರಬೇಕಿತ್ತು. ನನ್ನ ಮೇಲೆ ಯಾಕೆ ಹಾಕುತ್ತೀರಿ?

ತಾರಾ: ನಾವೇನೂ ಹಾಕಿಲ್ಲ ಬೋಪಣ್ಣ.

ಬೋಪಣ್ಣ: ಮೊದಲಿನಿಂದ ಶುರು ಮಾಡಿದರೆ ಅವಳು ಮತ್ತೆ ಬರುತ್ತಾಳಾ?